ಹಿಂದಿನ ಆಕ್ಸಲ್: ಬೆಸುಗೆ, ಹೊಸದು, ಗುಜರಿ ಜೋಡಿ ಮೂರನ್ನೂ ಹಾಕಿ ನೋಡಿದ ಮೇಲೆ

ಹಳೆಯ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್, ಅಂದರೆ ಚಕ್ರವನ್ನು ತಿರುಗಿಸುವ ದಂಡ, ಹಾಳಾಗಿದ್ದರೆ, ಗುಜರಿಗೆ ಹೋದ ಅದೇ ಮಾದರಿಯ ಟ್ರ್ಯಾಕ್ಟರಿನಿಂದ ಆಕ್ಸಲನ್ನೂ, ಅದರ ತುದಿಗೆ ಕೂತು ಚಕ್ರವನ್ನು ಹಿಡಿಯುವ ಹಬ್ಬನ್ನೂ (ಹಬ್) ಜೋಡಿಯಾಗಿಯೇ ತನ್ನಿ. ಎರಡು ಸಲ ಹಣ ಕಳೆದುಕೊಂಡು ಮೂರನೆಯ ಸಲ ನಾನು ಈ ದಾರಿಗೆ ಬಂದೆ. ಮೊದಲೇ ಬಂದಿದ್ದರೆ ಒಂದು ಉಳುಮೆಯ ಹದ ತಪ್ಪುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಒಂದು ಸಣ್ಣ ಸದ್ದಿನಿಂದ. ಮುಂದಕ್ಕೆ ಬಿಟ್ಟಾಗ ಒಮ್ಮೆ ಟಕ್, ಹಿಂದಕ್ಕೆ ತೆಗೆದಾಗ ಇನ್ನೊಮ್ಮೆ ಟಕ್. ಬಲಗಡೆಯ ಹಬ್ಬಿನ ನಟ್ಟಿನ ಸುತ್ತ ಕುಂಕುಮದಷ್ಟು ನುಣ್ಣನೆಯ ಕೆಂಪು ಪುಡಿ ಕೂತಿತ್ತು. ಅದು ಮಣ್ಣಲ್ಲ, ಲೋಹಕ್ಕೆ ಲೋಹ ಉಜ್ಜಿ ಉದುರಿದ ತುಕ್ಕು. ಹಬ್ ಎಳೆದು ನೋಡಿದರೆ ಆಕ್ಸಲಿನ ಸ್ಪ್ಲೈನ್ ಹಲ್ಲುಗಳು, ಅಂದರೆ ಹಬ್ಬನ್ನು ಕಚ್ಚಿ ಹಿಡಿಯುವ ಉದ್ದುದ್ದ ಹಲ್ಲುಗಳು, ಸವೆದು ಕತ್ತಿಯ ಅಲಗಿನಂತಾಗಿದ್ದವು.

ನನ್ನ ಟ್ರ್ಯಾಕ್ಟರಿನಲ್ಲಿ ಆಕ್ಸಲಿನ ತುದಿ ಹೊರಕ್ಕೆ ಹೋದಂತೆ ತುಸು ಸಣ್ಣಗಾಗಿದ್ದು, ಅದರ ಮೇಲೆ ಹಲ್ಲುಗಳಿವೆ. ಹಬ್ಬನ್ನು ಅದರ ಮೇಲೆ ಒತ್ತಿ ಹಿಡಿಯುವುದು ಒಂದೇ ಒಂದು ದೊಡ್ಡ ನಟ್ಟು. 1947ರಿಂದ 1952ರವರೆಗೆ ತಯಾರಾದ ಟ್ರ್ಯಾಕ್ಟರ್ ಫೋರ್ಡ್ 8ಎನ್‌ನಲ್ಲಿರುವುದೂ ಇಂಥದೇ ವ್ಯವಸ್ಥೆ. ಅದರ ನಟ್ಟಿಗೆ ಕನಿಷ್ಠ 450 ಪೌಂಡ್-ಅಡಿ, ಅಂದರೆ ಸುಮಾರು 610 ನ್ಯೂಟನ್-ಮೀಟರ್ ಬಿಗಿ ಬೇಕು. 75 ಕಿಲೋ ತೂಕದವರು ನಟ್ಟಿನಿಂದ 83 ಸೆಂಟಿಮೀಟರ್ ದೂರದಲ್ಲಿ, ಅಡ್ಡಕ್ಕೆ ಹಿಡಿದ ಕೊಳವೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತರೆ ಬರುವ ಬಿಗಿ ಅದು. ನನ್ನ ಟ್ರ್ಯಾಕ್ಟರಿಗೆ ಅಷ್ಟು ಬಿಗಿ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಆಕ್ಸಲ್ ಮತ್ತು ಚಕ್ರ ಕೂರುವ ಚಪ್ಪಟೆ ತಟ್ಟೆ ಒಂದೇ ತುಂಡಾಗಿರುವ ಟ್ರ್ಯಾಕ್ಟರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೊದಲು ಮಾಡಿಸಿದ್ದು ಬೆಸುಗೆ. ಸವೆದ ಹಲ್ಲುಗಳ ಮೇಲೆ ಲೋಹ ತುಂಬಿಸಿ ಹೊಸದಾಗಿ ಹಲ್ಲು ಕೊರೆಸಿದೆ. ಮೂರರಲ್ಲಿ ಅತಿ ಅಗ್ಗ ಇದೇ, ನೋಡಲೂ ಚೆನ್ನಾಗಿತ್ತು. ಒಂದು ತಿಂಗಳೊಳಗೆ, ಬೆಸುಗೆ ಮುಗಿಯುವ ಗೆರೆಯಲ್ಲೇ ಆಕ್ಸಲ್ ಮುರಿಯಿತು. ಮುರಿದ ಮುಖದ ಅರ್ಧ ಭಾಗ ಹೊಳೆಯ ಕಲ್ಲಿನಂತೆ ನಯವಾಗಿ, ಕಪ್ಪೆಚಿಪ್ಪಿನ ಮೇಲಿರುವಂಥ ಬಾಗಿದ ಗೆರೆಗಳಿಂದ ತುಂಬಿತ್ತು. ಉಳಿದರ್ಧ ಸಕ್ಕರೆಯಂತೆ ಹರಳುಹರಳು. ಬಿರುಕು ದಿನದಿನವೂ ಬೆಳೆದು, ಕೊನೆಗೆ ಉಳಿದದ್ದು ಒಮ್ಮೆಲೇ ಮುರಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈ ಬಗೆಯ ಆಕ್ಸಲ್ ಚಕ್ರವನ್ನು ತಿರುಗಿಸುವುದಷ್ಟೇ ಅಲ್ಲ, ಟ್ರ್ಯಾಕ್ಟರಿನ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಚಕ್ರವೇ ಕಳಚುತ್ತದೆ. ಸಮತಟ್ಟಾದ ಹೊಲದಲ್ಲಿದ್ದುದರಿಂದ ನಾನು ಉಳಿದೆ. ಬೆಸುಗೆಯ ಮಾತನ್ನು ಇನ್ನು ಯಾರೂ ನನ್ನ ಮುಂದೆ ಎತ್ತುವುದು ಬೇಡ.

ಎರಡನೆಯದು ಹೊಸ ಆಕ್ಸಲ್, ಹಳೆಯ ಹಬ್. ಹಬ್ ಎಂದರೆ ದಪ್ಪ ಎರಕ, ಅದಕ್ಕೇನಾಗುತ್ತದೆ ಎಂದುಕೊಂಡಿದ್ದೆ. ನನ್ನನ್ನು ಅತಿ ಹೆಚ್ಚು ಗೋಳುಹೊಯ್ದುಕೊಂಡದ್ದು ಇದೇ.

ಆಕ್ಸಲ್ ಸಲೀಸಾಗಿ ಕೂತಿತು. ನಟ್ಟು ತಿರುಗಿಸಿದೆ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹೇಳಿದ ಅಂಕಿಗೆ ಬಂದು ಟಿಕ್ ಎಂದಿತು. ನಟ್ಟು, ಹಬ್, ಆಕ್ಸಲಿನ ತುದಿ ಮೂರರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ನಾಲ್ಕು ಗಂಟೆ ಉತ್ತು ಬಂದು ನೋಡಿದರೆ ನಟ್ಟಿನ ಗೆರೆಯೂ ಆಕ್ಸಲಿನ ಗೆರೆಯೂ ಕೂಡಿಕೊಂಡೇ ಇದ್ದವು. ಹಬ್ಬಿನ ಗೆರೆ ಮಾತ್ರ ಅರ್ಧ ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ನಟ್ಟು ಸಡಿಲವಾಗಿಲ್ಲ, ಆದರೂ ಹಬ್ ಆಡುತ್ತಿದೆ!

ಎರಡು ಸಲ ಬಿಚ್ಚಿ ಬಿಗಿದರೂ ಅದೇ ಕಥೆ. ಕೊನೆಗೆ ಆಕ್ಸಲನ್ನು ಹೊತ್ತು ಲೇತ್ ಕೆಲಸದವರ ಬಳಿ ಹೋದೆ. ಅವರು ಅದನ್ನು ಮುಟ್ಟಲೂ ಇಲ್ಲ. “ಹಬ್ ಎಲ್ಲಿ? ಅದನ್ನು ನೋಡದೆ ಇದರ ಬಗ್ಗೆ ನಾನೇನು ಹೇಳಲಿ?” ಎಂದರು. ಹಬ್ ತಂದ ಮೇಲೆ ಅದರ ಒಳಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಆಕ್ಸಲಿಗೆ ಒತ್ತಿ ತೆಗೆದರು. ಮೈತುಂಬ ಹತ್ತಬೇಕಿದ್ದ ಬಣ್ಣ ಒಂದು ತುದಿಯಲ್ಲಿ ಬಳೆಯಷ್ಟು ಅಗಲಕ್ಕೆ ಮಾತ್ರ ಹತ್ತಿತ್ತು. ಹಬ್ಬಿನ ಒಳಮೈ ಸವೆದು ಅಗಲವಾಗಿತ್ತು. ಹಾಗಾಗಿ ಅದು ಇರಬೇಕಾದುದಕ್ಕಿಂತ ಒಳಕ್ಕೆ ಜಾರುತ್ತಿತ್ತು. ನಟ್ಟು ಹಬ್ಬನ್ನು ಒತ್ತುವ ಮೊದಲೇ ಅದರ ದಾರಿ ಮುಗಿದು, ಆಕ್ಸಲಿನ ತಿರುಪಿನ ಮರೆ ಕೊನೆಗೊಳ್ಳುವಲ್ಲಿ ಸಿಕ್ಕಿಕೊಳ್ಳುತ್ತಿತ್ತು. ರೆಂಚಿನ ಟಿಕ್ ನನಗೆ ಹೇಳಿದ್ದು ನಟ್ಟು ಆಕ್ಸಲಿಗೆ ಬಿಗಿಯಾಗಿದೆ ಎಂದು. ಹಬ್ ಬಿಗಿಯಾಗಿದೆ ಎಂದು ಅದು ಹೇಳಿರಲೇ ಇಲ್ಲ.

ದಪ್ಪ ವಾಷರ್ ಹಾಕಿ ನೋಡಿದೆ. ನಟ್ಟಿನ ತಕರಾರು ತೀರಿತು, ಹಲ್ಲುಗಳದ್ದು ತೀರಲಿಲ್ಲ. ಹಬ್ಬಿನ ಹಲ್ಲುಗಳ ನಡುವಿನ ಸಂದು ದೊಡ್ಡದಾಗಿದ್ದರಿಂದ ಹೊಸ ಹಲ್ಲುಗಳು ಒಂದು ಪಕ್ಕಕ್ಕೆ ಮಾತ್ರ ಆನಿಕೊಳ್ಳುತ್ತಿದ್ದವು. ತೆಳು ಹಿತ್ತಾಳೆ ತಗಡು ಸುತ್ತಿದೆ. ಎರಡು ವಾರಕ್ಕೆ ಅದು ಚೂರುಚೂರಾಗಿ ಹೊರಬಂತು, ಜೊತೆಗೆ ಮತ್ತೆ ಆ ಕೆಂಪು ಪುಡಿ. ಹೊಸ ಆಕ್ಸಲಿನ ಹಲ್ಲುಗಳ ಮೇಲೆ ಆಗಲೇ ಮೆಟ್ಟಿಲು ಮೂಡಿತ್ತು. ಹಳೆಯ ಹಬ್ ಹೊಸ ಆಕ್ಸಲನ್ನು ತಿನ್ನತೊಡಗಿತ್ತು.

ಹೊಸ ಆಕ್ಸಲಿಗೆ ಹೊಸ ಹಬ್ಬನ್ನೇ ಕೊಂಡರೆ? ಕೊಳ್ಳುವ ಶಕ್ತಿ ಇರುವವರು ಕೊಳ್ಳಿ. ವಾರಕ್ಕೆ ಐದಾರು ಗಂಟೆ ಓಡುವ ಟ್ರ್ಯಾಕ್ಟರಿಗೆ ಅಷ್ಟು ಸುರಿಯುವುದು ನನ್ನಿಂದಾಗದ ಮಾತು.

ಮೂರನೆಯದು ಗುಜರಿ ಜೋಡಿ. ಖರ್ಚು ಹೊಸ ಆಕ್ಸಲ್ ಒಂದಕ್ಕೆ ಕೊಟ್ಟದ್ದಕ್ಕಿಂತಲೂ ಕಡಿಮೆ. ಆರಿಸುವಾಗ ನಾನು ಮೊದಲು ನೋಡಿದ್ದು ನಟ್ಟನ್ನು: ಅದು ತುಕ್ಕು ಹಿಡಿದು ಅಲುಗದಂತಿರಬೇಕು, ಸುತ್ತ ಕೆಂಪು ಪುಡಿ ಇರಬಾರದು. ಯಾರೋ ಆಗಲೇ ಬಿಚ್ಚಿಟ್ಟ ಆಕ್ಸಲ್, ಇನ್ನೆಲ್ಲಿಂದಲೋ ಬಂದ ಹಬ್ ಬೇಡವೇ ಬೇಡ. ಜೊತೆಯಲ್ಲೇ ಸವೆದ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಲೇತಿನಲ್ಲಿ ತಿರುಗಿಸಿ ಡಯಲ್ ಗೇಜ್ ಹಿಡಿದು ಆಕ್ಸಲ್ ಬಾಗಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಉದ್ದ ಮತ್ತು ಹಲ್ಲುಗಳ ಎಣಿಕೆಯನ್ನು ಹಳೆಯದರ ಪಕ್ಕ ಇಟ್ಟೇ ಹೋಲಿಸಿ. ಆಯಿಲ್ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಅದರ ಮೇಲೆ ತೆಳು ಲೋಹದ ಕೊಳವೆ (ಸ್ಲೀವ್) ಹಾಕಿಸಬೇಕಾಗುತ್ತದೆ, ನನ್ನದರಲ್ಲಿ ಇರಲಿಲ್ಲ.

ಇದರಲ್ಲಿ ಕಷ್ಟವಿಲ್ಲವೆಂದಲ್ಲ. ಬೇರಿಂಗನ್ನು ಹಿಡಿದಿಡುವ ಉಕ್ಕಿನ ಬಳೆಯನ್ನು ಕಾಯಿಸಿ ಕೂರಿಸಿರುತ್ತಾರೆ, ಎಳೆದರೆ ಬರುವುದಿಲ್ಲ. ಗ್ರೈಂಡರಿನಿಂದ ಮುಕ್ಕಾಲು ಆಳ ಕೊಯ್ದು, ಆ ಗೀರಿನಲ್ಲಿ ಚಾಣ ಇಟ್ಟು ಒಂದೇ ಪೆಟ್ಟು ಕೊಟ್ಟರೆ ಬಳೆ ಟಣ್ಣೆಂದು ಸೀಳುತ್ತದೆ. ಗ್ರೈಂಡರ್ ಆಕ್ಸಲಿಗೆ ತಾಗಿದರೆ ಮುಂದೆ ಅಲ್ಲೇ ಬಿರುಕು ಹುಟ್ಟುತ್ತದೆ, ಆದ್ದರಿಂದ ಅವಸರ ಬೇಡ. ಬೇರಿಂಗ್, ಸೀಲ್, ಬಳೆ ಹೊಸವನ್ನೇ ಹಾಕಿ. ಆಕ್ಸಲ್ ಉದ್ದಕ್ಕೆ ಒಳಹೊರಗೆ ಆಡುವ ಸಡಿಲವನ್ನು ಶಿಮ್ ಎಂಬ ತೆಳು ತಗಡುಗಳಿಂದ ಮತ್ತೆ ಹೊಂದಿಸುವುದಕ್ಕೆ ನನಗೆ ಅರ್ಧ ದಿನ ಹಿಡಿಯಿತು. ಜಾಕಿಯೊಂದನ್ನೇ ನಂಬದೆ, ಆಕ್ಸಲ್ ಕವಚದ ಕೆಳಗೆ ಗಟ್ಟಿ ಆಸರೆ ಕೊಟ್ಟೇ ಕೆಲಸಕ್ಕೆ ಇಳಿಯಿರಿ.

ಇದಾಗಿ ಒಂದು ಬಿತ್ತನೆ, ಒಂದು ಕೊಯ್ಲು ಮುಗಿದಿದೆ. ಮೊದಲ ಹತ್ತು ಗಂಟೆಯ ಓಟದ ನಂತರ ಮತ್ತೆ ಬಿಗಿದಾಗ ನಟ್ಟು ಕೂದಲಿನಷ್ಟು ತಿರುಗಿತು, ಆಮೇಲೆ ಕದಲಿಲ್ಲ. ಬಿಳಿ ಗೆರೆ ಮೂರರ ಮೇಲೂ ನೇರವಾಗಿಯೇ ಇದೆ. ಅದೇ ಗುಜರಿ ಟ್ರ್ಯಾಕ್ಟರಿನ ಎಡಬದಿಯ ಜೋಡಿಯನ್ನೂ ತಂದು, ಗ್ರೀಸ್ ಸವರಿ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ.