ಹಿತ್ತಾಳೆ ಅಂತ ಕೊಟ್ಟ ಸ್ಕ್ರೂ, ಎಂಆರ್‌ಐ ಬಾಗಿಲಲ್ಲಿ ಸಿಕ್ಕಿಬಿದ್ದ ನಾನು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಜೀನ್ಸ್ ಘಟಕಗಳ ಗಾಳಿ ಪೈಪು, ವಾಲ್ವ್ ರಿಪೇರಿಯೇ ಹೊಟ್ಟೆಪಾಡು. ಹೋದ ವರ್ಷ ಪರಿಚಯದವರ ಮೂಲಕ ಬೆಂಗಳೂರಿನ ಒಂದು ಲ್ಯಾಬ್‌ನವರು ಕೆಲಸ ಕೊಟ್ಟರು. ಎಂಆರ್‌ಐ (ದೊಡ್ಡ ಅಯಸ್ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುವ ಮಷೀನು) ಒಳಗೆ ಮಲಗಿದವರ ಬೆರಳ ತುದಿಗೆ ಗಾಳಿಯ ಒತ್ತಡದಿಂದ ಟಕ್ ಟಕ್ ಅಂತ ಮುಟ್ಟಿಸಬೇಕು. ಆಗ ಮೆದುಳಿನಲ್ಲಿ ಎಲ್ಲಿ ರಕ್ತದ ಓಡಾಟ ಹೆಚ್ಚುತ್ತದೆ ಅಂತ ಅವರು ನೋಡುತ್ತಾರೆ. ಗಾಳಿ ತಾನೇ, ದಿನಾ ಮಾಡೋದೇ ಅಲ್ವಾ ಅಂದುಕೊಂಡೆ.

ಬೆರಳಿಗೆ ಹಾಕುವ ಕ್ಲಿಪ್ ಪ್ಲಾಸ್ಟಿಕ್, ಮುಟ್ಟುವ ಪೊರೆ ರಬ್ಬರ್. ಕೈ ಇಡುವ ಹಲಗೆಗೆ ಮಾತ್ರ 12 ಸ್ಕ್ರೂ ಬೇಕಿತ್ತು. ಕಬ್ಬಿಣ ಆಗಬಾರದು ಅಂತ ಗೊತ್ತಿತ್ತು, ಹಿತ್ತಾಳೆ ಕೇಳಿದೆ. "ಪಕ್ಕಾ ಹಿತ್ತಾಳೆನೇ ಸರ್, ಕಣ್ಣು ಮುಚ್ಕೊಂಡು ತಗೊಂಡೋಗ್ರಿ" ಅಂದ ಅಂಗಡಿಯವ. ಹಳದಿಯಾಗಿ ಥಳಥಳ ಹೊಳೀತಿದ್ದವು. ನಾನೂ ಕಣ್ಣು ಮುಚ್ಚಿಕೊಂಡೇ ತಗೊಂಡೆ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು ಮುಟ್ಟಿದೆ. ಸ್ಕ್ಯಾನ್ ರೂಮಿನ ಬಾಗಿಲಲ್ಲೇ ಅಲ್ಲಿನ ಟೆಕ್ನಿಷಿಯನ್ ಅಕ್ಕ ತಡೆದರು. ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಹಲಗೆಯ ಮೇಲೆ ಆಡಿಸಿದರು. ಟಕ್. ಮತ್ತೊಂದು ಟಕ್. 12ರಲ್ಲಿ 5 ಸ್ಕ್ರೂ ಹಿಡಿದುಕೊಂಡವು. ಬೀಗದ ಕೈಯಿಂದ ಒಂದರ ತಲೆ ಕೆರೆದೆ. ಹಳದಿ ಸಿಪ್ಪೆ ಎದ್ದು ಒಳಗೆ ಬೆಳ್ಳಗೆ ಉಕ್ಕು ಕಂಡಿತು. ಬರೀ ಲೇಪ!

ಅದು 3 ಟೆಸ್ಲಾ ಮಷೀನು, ಟೆಸ್ಲಾ ಅಂದರೆ ಕಾಂತಶಕ್ತಿ ಅಳೆಯುವ ಮಾನ. ಭೂಮಿಯ ಕಾಂತಶಕ್ತಿಗಿಂತ 50 ಸಾವಿರ ಪಟ್ಟಿಗೂ ಜಾಸ್ತಿ. ಸ್ಕ್ಯಾನ್ ನಡೆಯದಿದ್ದರೂ ಅಯಸ್ಕಾಂತ ಆನ್ ಆಗೇ ಇರುತ್ತದೆ. ಸಡಿಲ ಸ್ಕ್ರೂ ಒಂದು ಹಾರಿದ್ದರೆ ಮಲಗಿದವರ ಮುಖದ ಕಡೆಗೇ ಹೋಗಬಹುದಿತ್ತು.

ಅಲ್ಲೇ ನೈಲಾನ್ ಸ್ಕ್ರೂ ತಂದು ಹಾಕಿದೆ. ಮುಗೀತು ಅಂದುಕೊಂಡರೆ ಪೈಪಿನದು ಶುರುವಾಯಿತು. ಊರಲ್ಲಿ ಮೇಜಿನ ಮೇಲೆ 1 ಮೀಟರ್ ಪೈಪಿನಲ್ಲಿ ಟೆಸ್ಟ್ ಮಾಡಿದ್ದೆ. ಅಲ್ಲಿ ವಾಲ್ವ್ ರೂಮಿನ ಹೊರಗೇ ಇರಬೇಕು, ಅದರಲ್ಲಿ ಕಬ್ಬಿಣದ ತಿರುಳು ಇರುತ್ತದಲ್ಲ. ಗೋಡೆಯ ತೂತಿನಿಂದ ಪೈಪ್ ಎಳೆದರೆ 8 ಮೀಟರ್ ಆಯಿತು. ಗಾಳಿಯಲ್ಲಿ ಒತ್ತಡದ ಅಲೆ ಹೋಗೋದು ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ದಾರಿಯಲ್ಲೇ 23 ಮಿಲಿಸೆಕೆಂಡ್ ತಡ. ತಡ ಆದರೆ ಅಳೆದು ಲೆಕ್ಕಕ್ಕೆ ಹಿಡಿಯಬಹುದು. ಆದರೆ ನನ್ನ ಮೆತ್ತನೆ ಪೈಪ್ ತಾನೇ ಉಬ್ಬಿ ಒತ್ತಡ ನುಂಗುತ್ತಿತ್ತು. ಚರ್ಮಕ್ಕೆ ಚೆನ್ನಾಗಿ ತಿಳಿಯುವ 250 ಹರ್ಟ್ಜ್ (ಸೆಕೆಂಡಿಗೆ 250 ಸಲ) ಆಸುಪಾಸಿನ ಕಂಪನ, ಬೆರಳ ಹತ್ತಿರ ಬರುವಾಗ ಯಾರೋ ಉಸಿರು ಬಿಟ್ಟ ಹಾಗೆ ಇತ್ತು.

ಸ್ಕ್ಯಾನಿಗೆ ಬಂದಿದ್ದ ಹುಡುಗನನ್ನು ವಾಪಸ್ ಕಳಿಸಿದರು. ಬುಕ್ ಮಾಡಿದ್ದ ಸಮಯ ಹೋಯಿತು, ನನ್ನ ಅರ್ಧ ಹಣವೂ ಹೋಯಿತು.

ಇಂಥ ಕೆಲಸ ಒಪ್ಪಿಕೊಳ್ಳುವವರು ಪ್ರತಿಯೊಂದು ಸ್ಕ್ರೂ, ವಾಷರ್ ಬಿಡಿಬಿಡಿಯಾಗಿ ದಾರಕ್ಕೆ ಕಟ್ಟಿ ಕೈಯಲ್ಲಿ ಹಿಡಿಯುವ ಅಯಸ್ಕಾಂತದ ಹತ್ತಿರ ಹಿಡಿದು ನೋಡಿ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ನಂಬಬೇಡಿ, 304 ಅನ್ನೋ ಸ್ಟೇನ್‌ಲೆಸ್ ಜಾತಿ ಕೂಡ ಎಳೆದು ಸ್ಪ್ರಿಂಗ್ ಮಾಡಿದರೆ ಅಂಟುತ್ತದೆ. ಸ್ಕ್ಯಾನ್ ನಡೆಯುವಾಗ ವೈರ್ ಸುರುಳಿ ಸುತ್ತಿ ಮೈಗೆ ತಾಗಿಸಿದರೆ ಬಿಸಿಯಾಗಿ ಚರ್ಮ ಸುಡಬಹುದು. ಪೈಪ್ ಅಲ್ಲಿಯಷ್ಟೇ ಉದ್ದದ್ದು, ಗಟ್ಟಿ ಗೋಡೆಯದು ಹಾಕಿ ಊರಲ್ಲೇ ಟೆಸ್ಟ್ ಮಾಡಿ. ಇಷ್ಟೆಲ್ಲಾ ಆದಮೇಲೂ ಒಳಗೆ ಬಿಡಬೇಕೋ ಬೇಡವೋ ಅನ್ನೋದು ಸ್ಕ್ಯಾನರ್‌ನವರ ಮಾತು.

ವಾಪಸ್ ಬಂದು ಅಂಗಡಿಯವನನ್ನು ಕೇಳಿದೆ. "ಬಾಗಿಲಿಗೆ ಹಾಕೋಕೆ ಇದು ಸಾಕಾಗಲ್ವಾ ಸರ್?" ಅಂದ. ಬಾಗಿಲಿಗಾದರೆ ಸಾಕು.