ಆಸ್ಪತ್ರೆಯೇ ನಡೆಸುವ ನರ್ಸಿಂಗ್ ಶಾಲೆ: ಮೊದಲ ವರ್ಷ ಮುಗಿಸಿದವಳ ಅಭಿಪ್ರಾಯ

ನಮ್ಮದು ಆಸ್ಪತ್ರೆಯೇ ನಡೆಸುವ ಶಾಲೆ. ಕ್ಲಾಸ್‌ರೂಮು ಮೇಲೆ, ವಾರ್ಡು ಕೆಳಗೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಹೊಗಳುವುದರ ಜೊತೆಗೆ ಸ್ವಲ್ಪ ಬೈಯುವುದೂ ಇದೆ. ಡಿಪ್ಲೊಮಾಗೆ ಇಂಥ ಕಡೆ ಸೇರಬೇಕು ಅಂದುಕೊಂಡವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಳ್ಳೆಯದು. ಇಲ್ಲಿ ಪಾಠಕ್ಕೂ ರೋಗಿಗೂ ನಡುವೆ ದೂರವೇ ಇಲ್ಲ. ಬೆಳಿಗ್ಗೆ ಹೃದಯ ವೈಫಲ್ಯದ ಪಾಠ ಕೇಳಿ, ಮಧ್ಯಾಹ್ನ ಅದೇ ಕಾಯಿಲೆಯವರ ಊದಿದ ಪಾದವನ್ನು ಬೆರಳಿನಿಂದ ಒತ್ತಿ ನೋಡಬಹುದು. ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಪುಸ್ತಕದಲ್ಲಿ ಎರಡು ಸಾಲು ಇದ್ದದ್ದು ಆಮೇಲೆ ಮರೆಯುವುದೇ ಇಲ್ಲ.

ಆದರೆ ಸೇರಿದ ಕೂಡಲೇ ಸೂಜಿ ಕೈಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಶುರುವಿನಲ್ಲಿ ಕೈ ತೊಳೆಯುವುದು, ಹಾಸಿಗೆ ಹಾಸುವುದು, ಮತ್ತೆ ಕೈ ತೊಳೆಯುವುದು. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಹೆಬ್ಬೆರಳು, ಬೆರಳ ಸಂದು, ಉಗುರ ತುದಿ ಎಲ್ಲಾ ಸೇರಿ. ಬೇಸರ ಬರುತ್ತದೆ, ಬರಲಿ. ಆಸ್ಪತ್ರೆಯಲ್ಲಿ ಸೋಂಕು ಜಾಸ್ತಿ ಹರಡುವುದು ನಮ್ಮ ಕೈಗಳಿಂದಲೇ.

ಆಮೇಲೆ ಜ್ವರ, ನಾಡಿ, ಉಸಿರಾಟ, ಬಿಪಿ. ಕೇಳಲು ಸುಲಭ, ಅಲ್ವಾ? ಉಸಿರು ಎಣಿಸಿ ನೋಡಿ, ಗೊತ್ತಾಗುತ್ತದೆ. ‘ನಿಮ್ಮ ಉಸಿರು ಎಣಿಸುತ್ತೇನೆ’ ಅಂದ ತಕ್ಷಣ ಯಾರೇ ಆಗಲಿ ಬೇರೆ ಥರ ಉಸಿರಾಡಲು ಶುರು ಮಾಡುತ್ತಾರೆ. ಅದಕ್ಕೇ ನಾಡಿ ಎಣಿಸಿದ ಮೇಲೂ ಮಣಿಕಟ್ಟು ಬಿಡದೆ, ಕಣ್ಣು ಮಾತ್ರ ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. ಇದನ್ನು ಹೇಳಿಕೊಟ್ಟದ್ದು ಮೇಡಂ ಅಲ್ಲ, ವಾರ್ಡಿನ ಹಿರಿಯ ಸಿಸ್ಟರ್. ಇಂಥ ಶಾಲೆಯ ನಿಜವಾದ ಲಾಭ ಇದೇ. ಪಾಠ ಮಾಡುವವರು ಟೈಮ್‌ಟೇಬಲ್‌ನಲ್ಲಿ ಇರುವವರಷ್ಟೇ ಅಲ್ಲ.

ಲೆಕ್ಕ ಕಂಡರೆ ಭಯಪಡುವವರು ಇದನ್ನು ಓದಿ. 1000 ಮಿಲಿಲೀಟರ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ನಳಿಕೆಯ ಸೆಟ್‌ನಲ್ಲಿ ಮಿಲಿಲೀಟರಿಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? 20,000 ಹನಿಯನ್ನು 480 ನಿಮಿಷಕ್ಕೆ ಹಂಚಿದರೆ ಸುಮಾರು 42. ಗಣಿತ ಇಷ್ಟೇ. ಆದರೆ ಗಡಿಯಾರ ನೋಡುತ್ತಾ, ಪಕ್ಕದ ಬೆಡ್‌ನವರು ಕರೆಯುತ್ತಾ ಇರುವಾಗ ಮಾಡಬೇಕು. ನಮ್ಮಲ್ಲಿ ಈ ಲೆಕ್ಕದ ಪರೀಕ್ಷೆ ಪಾಸಾಗದೆ ಔಷಧಿ ಟ್ರಾಲಿ ಮುಟ್ಟುವಂತಿಲ್ಲ. ಕಟ್ಟುನಿಟ್ಟು ಜಾಸ್ತಿ ಅನಿಸಬಹುದು. ನನಗಂತೂ ಈ ನಿಯಮ ತುಂಬಾ ಹಿಡಿಸಿತು.

ಫೋನಿನಲ್ಲಿ ಡಾಕ್ಟರಿಗೆ ವರದಿ ಕೊಡುವುದಕ್ಕೂ ಒಂದು ಕ್ರಮ ಇದೆ. ಈಗ ಏನಾಗಿದೆ, ಹಿಂದೆ ಏನಿತ್ತು, ನಾನು ಏನು ಕಂಡೆ, ಈಗ ಏನು ಬೇಕು. ‘ಯಾಕೋ ಸುಸ್ತಾಗಿದ್ದಾರೆ ಡಾಕ್ಟ್ರೇ’ ಅಂದರೆ ನಡೆಯುವುದಿಲ್ಲ. ಬಿಪಿ ಎಷ್ಟು, ನಾಡಿ ಎಷ್ಟು ಹೇಳಬೇಕು.

ದೇಹದ ಕೆಲಸದ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೆಡ್‌ಪ್ಯಾನ್ ಇಡಬೇಕು, ತೆಗೆಯಬೇಕು. ಗುರುತು ಪರಿಚಯ ಇಲ್ಲದ ದೊಡ್ಡವರ ಮೈ ಒರೆಸಬೇಕು. ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ವಾಸನೆ ರೂಢಿಯಾಗುತ್ತದೆ. ಸಂಕೋಚ ಹೋಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಪರದೆ ಎಳೆದು, ಏನು ಮಾಡುತ್ತೇನೆ ಎಂದು ಮೊದಲೇ ಹೇಳಿಬಿಟ್ಟರೆ ಅವರಿಗೂ ಹಗುರ, ನಮಗೂ ಹಗುರ.

ಇನ್ನು ದೂರು. ಸಿಬ್ಬಂದಿ ಕಡಿಮೆ ಇದ್ದ ದಿನ ನಾವು ವಿದ್ಯಾರ್ಥಿಗಳಲ್ಲ, ಸುಮ್ನೆ ಸಿಕ್ಕ ಕೈಗಳು. ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಬಾ, ಫೈಲ್ ತೆಗೆದುಕೊಂಡು ಬಾ, ಎಕ್ಸ್‌ರೇ ರೂಮಿಗೆ ವೀಲ್‌ಚೇರ್ ತಳ್ಳು. ನಾಲ್ಕು ಸಲ ಮಾಡಿದರೆ ಆಸ್ಪತ್ರೆಯ ದಾರಿಗಳು ಗೊತ್ತಾಗುತ್ತವೆ, ಸರಿ. ನಲವತ್ತನೆಯ ಸಲದಲ್ಲಿ ಕಲಿಯಲು ಏನಿದೆ? ಅದೇ ಹೊತ್ತಿಗೆ ಪಕ್ಕದ ಬೆಡ್‌ನಲ್ಲಿ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕುತ್ತಿದ್ದರು, ನೋಡಲು ಸಿಗಲಿಲ್ಲ. ಕಲಿತ ಕೆಲಸಗಳನ್ನು ಬರೆದಿಡುವ ಲಾಗ್‌ಬುಕ್ಕಿನ ಆ ಸಾಲು ಬಹಳ ದಿನ ಖಾಲಿ ಇತ್ತು.

ಇದು ಹಳೆಯ ಕಾಯಿಲೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ಶುರುವಾಯಿತು. ಅದನ್ನು ನೋಡಿ ಎಷ್ಟೋ ಆಸ್ಪತ್ರೆಗಳು ತಮ್ಮದೇ ಶಾಲೆ ತೆರೆದವು. ಮುಂದೆ ಬಹಳ ಕಡೆ ವಾರ್ಡು ನಡೆಯುತ್ತಿದ್ದದ್ದೇ ವಿದ್ಯಾರ್ಥಿಗಳ ದುಡಿಮೆಯಿಂದ. ಅಮೆರಿಕದಲ್ಲಿ ನರ್ಸಿಂಗ್ ಶಿಕ್ಷಣದ ಬಗ್ಗೆ ಬಂದ 1923ರ ಗೋಲ್ಡ್‌ಮಾರ್ಕ್ ವರದಿ ಇದನ್ನೇ ಟೀಕಿಸಿತು. ಆಸ್ಪತ್ರೆಯ ಅಗತ್ಯದ ಮುಂದೆ ಓದು ಹಿಂದೆ ಬೀಳುತ್ತಿದೆ ಅಂತ. ಈಗ ಪರಿಸ್ಥಿತಿ ಎಷ್ಟೋ ಮೇಲು, ಆದರೆ ಆ ಚಾಳಿ ಪೂರ್ತಿ ಬಿಟ್ಟಿಲ್ಲ.

ಹಾಗಾಗಿ ಸೇರುವ ಮೊದಲು ಕಟ್ಟಡ ನೋಡಬೇಡಿ, ಎರಡನೇ ವರ್ಷದವರನ್ನು ಹಿಡಿದು ಮಾತಾಡಿಸಿ. ಡ್ಯೂಟಿ ಪಟ್ಟಿಯಲ್ಲಿ ವಿದ್ಯಾರ್ಥಿಗಳನ್ನು ಸಿಬ್ಬಂದಿ ಲೆಕ್ಕಕ್ಕೆ ಸೇರಿಸುತ್ತಾರಾ? ವಾರ್ಡಿನಲ್ಲಿ ನಮ್ಮ ಜೊತೆ ನಿಲ್ಲುವ ಬೋಧಕರು ಇದ್ದಾರಾ, ಇಲ್ಲಾ ಬೆಳಿಗ್ಗೆ ಬಿಟ್ಟು ಹೋಗಿ ಸಂಜೆ ಸಹಿ ಹಾಕುತ್ತಾರಾ? ಈ ಡಿಪ್ಲೊಮಾದಿಂದ ನರ್ಸ್ ಆಗಿ ನೋಂದಣಿ ಆಗುತ್ತದಾ, ಮುಂದೆ ಪದವಿ ಓದಲು ದಾರಿ ಇದೆಯಾ? ಕೊನೆಯದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಕಾಗದದಲ್ಲಿ ನೋಡಿ.

ಹೆಪಟೈಟಿಸ್ ಬಿ (ರಕ್ತದಿಂದಲೂ ಹರಡುವ ಯಕೃತ್ತಿನ ಸೋಂಕು) ಲಸಿಕೆ ಆಗಿಲ್ಲದಿದ್ದರೆ ಈಗಲೇ ಶುರು ಮಾಡಿ. ಸಾಮಾನ್ಯವಾಗಿ ಮೂರು ಡೋಸ್, ಮುಗಿಯಲು ಆರು ತಿಂಗಳು ಬೇಕು. ಶೂ ಕೊಳ್ಳುವಾಗ ಜಿಪುಣತನ ಬೇಡ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದದ್ದು ವೀಲ್‌ಚೇರಿಗೆ. ಕಾಲೇಜಿನ ಓಡಾಟ, ಹಬ್ಬ, ರಜೆ ಬೇಕು ಅನ್ನುವವರಿಗೆ ಇದು ಹೇಳಿಮಾಡಿಸಿದ್ದಲ್ಲ. ರೋಗಿಯ ಪಕ್ಕ ಬೇಗ ನಿಲ್ಲಬೇಕು ಅನ್ನುವವರು ಧೈರ್ಯವಾಗಿ ಬನ್ನಿ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ಕ್ಲಾಸ್ ಇರುತ್ತದಾ ಅಂತ ಮಾತ್ರ ಕೇಳಿಕೊಂಡು ಬನ್ನಿ. ನಮ್ಮಲ್ಲಿ ಇರುತ್ತದೆ, ಹಾಜರಿಯನ್ನೂ ತೆಗೆದುಕೊಳ್ಳುತ್ತಾರೆ.