ಡೇಟಾಬೇಸ್ ಸರ್ವರ್‌ಗೆ ಐಪಿವಿ6 ಹಾಕಿಸುವವರು ಇದನ್ನೊಮ್ಮೆ ಓದಿ

ಪೋಸ್ಟ್‌ಗ್ರೆಸ್ (ಡೇಟಾಬೇಸ್ ಸಾಫ್ಟ್‌ವೇರ್) ಸರ್ವರ್ ನಡೆಸುವವರಿಗೆ ಈ ಅನುಭವ ತಿಳಿದಿರಲಿ. ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಔಷಧಿ ಸಗಟು ವ್ಯಾಪಾರಿಗಳಿಗೆ ಚಿಕ್ಕಪೇಟೆಯಲ್ಲೊಂದು, ಪೀಣ್ಯದಲ್ಲೊಂದು ಕಚೇರಿ. ಡೇಟಾಬೇಸ್ ಇರುವುದು ಬಾಡಿಗೆ ಸರ್ವರ್‌ನಲ್ಲಿ. ಪೋಸ್ಟ್‌ಗ್ರೆಸ್‌ಗೆ ಬಾಗಿಲಿನಂತಿರುವ 5432 ಪೋರ್ಟ್ ಆ ಎರಡು ಕಚೇರಿಗಳ ಐಪಿಗೆ ಮಾತ್ರ ತೆರೆದಿತ್ತು.

ನೆಟ್‌ವರ್ಕ್ ಗುತ್ತಿಗೆಯವರು ಯಾರಿಗೂ ಹೇಳದೆ ಸರ್ವರ್‌ಗೆ ಹಳೆಯ ಐಪಿವಿ4 ವಿಳಾಸದ ಜೊತೆಗೆ ಹೊಸ ಪೀಳಿಗೆಯ ಐಪಿವಿ6 ವಿಳಾಸವನ್ನೂ ಕೊಟ್ಟು, ಹೆಸರಿನಿಂದ ವಿಳಾಸ ಹೇಳುವ ಡಿಎನ್‌ಎಸ್‌ಗೂ ಸೇರಿಸಿಬಿಟ್ಟರು. ಬೆಳಿಗ್ಗೆ ಪೀಣ್ಯದಲ್ಲಿ ಬಿಲ್ಲಿಂಗ್ ನಿಂತಿತ್ತು, ಚಿಕ್ಕಪೇಟೆಯಲ್ಲಿ ಏನೂ ತೊಂದರೆಯಿಲ್ಲ. ಪೀಣ್ಯದ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ6 ಇತ್ತು. ಎರಡೂ ಇದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ಮೊದಲು ಐಪಿವಿ6ಕ್ಕೇ ಹೋಗುತ್ತದೆ. ಸರ್ವರ್ ಸಿಕ್ಕಿತು, ಆದರೆ ಯಾವ ವಿಳಾಸದಿಂದ ಯಾರು ಬರಬಹುದೆಂದು ಬರೆದಿಡುವ ಪಿಜಿ ಎಚ್‌ಬಿಎ (pg_hba.conf) ಫೈಲ್‌ನಲ್ಲಿ ಆ ವಿಳಾಸಕ್ಕೆ ಸಾಲಿಲ್ಲವೆಂದು ಪೋಸ್ಟ್‌ಗ್ರೆಸ್ ನಿರಾಕರಿಸಿತು. ನಿರಾಕರಿಸಿದ ಮೇಲೆ ನಮ್ಮ ಪ್ರೋಗ್ರಾಂ ಐಪಿವಿ4 ಕಡೆ ಮರಳಲೂ ಇಲ್ಲ.

ಅನಾಹುತ ಆದದ್ದು ಆಮೇಲೆ. ಗುತ್ತಿಗೆಯ ಹುಡುಗ ಆ ಫೈಲ್‌ಗೆ ::/0 (ಐಪಿವಿ6ನ ಎಲ್ಲ ವಿಳಾಸಗಳೂ) ಎಂದು ಒಂದು ಸಾಲು ಸೇರಿಸಿ, "ಆಯ್ತು ಸರ್, ಈಗ ನೋಡಿ" ಅಂದ. ಬಿಲ್ಲಿಂಗ್ ಶುರುವಾಯಿತು, ಎಲ್ಲರೂ ನಿರಾಳ. ಮುಂದೆ ಲಾಗ್ ತೆರೆದಾಗ ಗುರುತಿಲ್ಲದ ಐಪಿವಿ6 ವಿಳಾಸಗಳಿಂದ ಅಡ್ಮಿನ್ ಖಾತೆಗೆ ಸಾಲುಸಾಲು ಪಾಸ್‌ವರ್ಡ್ ಪ್ರಯತ್ನ! ಔಷಧಿ ಅಂಗಡಿಗಳ ಬಾಕಿ, ಫೋನ್ ನಂಬರ್, ಎಲ್ಲವೂ ಇರುವ ಡೇಟಾಬೇಸ್ ಅದು. ನನಗೆ ಕೈಕಾಲೇ ಆಡಲಿಲ್ಲ.

ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಬರೆದ ನಿಯಮ ಐಪಿವಿ4ಕ್ಕೆ ಮಾತ್ರ. ಐಪಿವಿ6ಕ್ಕೆ ಐಪಿ6ಟೇಬಲ್ಸ್ ಬೇರೆಯೇ ಇದೆ, ನಮ್ಮಲ್ಲಿ ಅದು ಖಾಲಿ, ಎಂದರೆ ಬಂದವರಿಗೆಲ್ಲ ಪ್ರವೇಶ. ಯಾವ ವಿಳಾಸಗಳಲ್ಲಿ ಸಂಪರ್ಕ ಸ್ವೀಕರಿಸಬೇಕೆಂದು ಹೇಳುವ ಲಿಸನ್ ಅಡ್ರೆಸಸ್ ಸೆಟ್ಟಿಂಗ್ * ಎಂದಿದ್ದರೆ ಪೋಸ್ಟ್‌ಗ್ರೆಸ್ ಎರಡರಲ್ಲೂ ಕಿವಿಗೊಡುತ್ತದೆ. "ಐಪಿವಿ6 ಅಷ್ಟು ದೊಡ್ಡದು, ಯಾರೂ ಹುಡುಕಿ ಬರಲ್ಲ" ಎನ್ನುವ ಮಾತು ನಂಬಬೇಡಿ. ಹೆಸರು ಡಿಎನ್‌ಎಸ್‌ನಲ್ಲಿದ್ದರೆ ಹುಡುಕುವ ಶ್ರಮವೇ ಇಲ್ಲ.

ನಾವು ಡಿಎನ್‌ಎಸ್‌ನ ಕ್ವಾಡ್-ಎ (ಐಪಿವಿ6 ವಿಳಾಸದ) ರೆಕಾರ್ಡ್ ತೆಗೆದು, ::/0 ಸಾಲು ಅಳಿಸಿ, ಐಪಿವಿ6ನಲ್ಲೂ ಪೋರ್ಟ್ ಮುಚ್ಚಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆವು. ಹೊರಗಿನವರು ಒಳಹೊಕ್ಕ ಗುರುತು ಲಾಗ್‌ನಲ್ಲಿ ಸಿಗಲಿಲ್ಲ, ಪುಣ್ಯ. ಪಿಜಿ ಎಚ್‌ಬಿಎ ಫೈಲ್‌ನ ::1/128 (ಸರ್ವರ್ ತನ್ನನ್ನೇ ಕರೆಯುವ ಐಪಿವಿ6 ವಿಳಾಸ) ಸಾಲನ್ನು ಮಾತ್ರ ಮುಟ್ಟಬೇಡಿ. ಲೋಕಲ್‌ಹೋಸ್ಟ್ ಎಂದು ಕರೆಯುವ ಪ್ರೋಗ್ರಾಂಗಳು ಅದೇ ದಾರಿಯಲ್ಲಿ ಬರಬಹುದು. ಹೊಸದಾಗಿ ನಿಯಮ ಬರೆಯುವವರು ಐಪಿಟೇಬಲ್ಸ್‌ನ ನಂತರ ಬಂದ ಎನ್‌ಎಫ್‌ಟೇಬಲ್ಸ್‌ನ ಐನೆಟ್ ಟೇಬಲ್ ಬಳಸಿ, ಪೋರ್ಟ್‌ಗೆ ಬರೆದ ಒಂದೇ ನಿಯಮ ಎರಡಕ್ಕೂ ಅನ್ವಯಿಸುತ್ತದೆ.

ಗುತ್ತಿಗೆಯವರ "ಆಯ್ತು ಸರ್" ಕೇಳಿ ಬಿಲ್ ಕೊಡಬೇಡಿ. ಐಪಿವಿ6 ಇರುವ ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಕಚೇರಿಯ ಹೊರಗಿನಿಂದ ಸರ್ವರ್‌ನ ಐಪಿವಿ6 ವಿಳಾಸಕ್ಕೇ 5432ರಲ್ಲಿ ಸಂಪರ್ಕಿಸಿ ನೋಡಿ. ಸಿಕ್ಕಿದರೆ ಅವರನ್ನು ಅಲ್ಲೇ ಕೂರಿಸಿ ಮುಚ್ಚಿಸಿ.